ಒಂದು ಬೋಲ್ಟು, ಒಂದು ಹಿಡಿ

ಮೊದಲ ವರ್ಷದ ವರ್ಕ್‌ಶಾಪ್ ಲ್ಯಾಬ್‌ನಲ್ಲಿ ಅರ ಹಿಡಿದು ಕಬ್ಬಿಣದ ತುಂಡು ಉಜ್ಜಿದವರಿಗೆ ಅಂಗೈಯ ಬೊಬ್ಬೆ ನೆನಪಿರುತ್ತದೆ. ನನಗೆ ಸಿಕ್ಕಿದ್ದ ಅರದ ಮರದ ಹಿಡಿ ಸೀಳಿತ್ತು. ಎಷ್ಟು ಉಜ್ಜಿದರೂ ಅಂಚು ಓರೆಯಾಗುತ್ತಿತ್ತು. ನನಗೆ ಕೈಚಳಕವೇ ಇಲ್ಲ ಎಂದುಕೊಂಡೆ. ಪಕ್ಕದ ಗೆಳೆಯನ ಅರ ತೆಗೆದುಕೊಂಡಾಗ ಅದೇ ಕೆಲಸ ಸಲೀಸಾಯಿತು. ತಪ್ಪಿದ್ದದ್ದು ಕೈಯಲ್ಲಲ್ಲ, ಹಿಡಿಯಲ್ಲಿ. ಈ ಸೆಮಿಸ್ಟರ್‌ನಲ್ಲಿ ವಿನ್ಯಾಸದ ವಿಷಯ ಓದುವಾಗ ಯೂಜಿನ್ ಸ್ಟೋನರ್ ಅವರ ಬದುಕು ಕಣ್ಣಿಗೆ ಬಿತ್ತು. ಆ ಸೀಳಿದ ಹಿಡಿ ಮತ್ತೆ ನೆನಪಾಯಿತು.

ಸ್ಟೋನರ್ ಹುಟ್ಟಿದ್ದು 1922ರಲ್ಲಿ, ಅಮೆರಿಕದ ಇಂಡಿಯಾನಾ ರಾಜ್ಯದ ಗಾಸ್ಪೋರ್ಟ್ ಎಂಬ ಸಣ್ಣ ಊರಿನಲ್ಲಿ. ಕ್ಯಾಲಿಫೋರ್ನಿಯಾದ ಲಾಂಗ್ ಬೀಚ್‌ನಲ್ಲಿ ಹೈಸ್ಕೂಲು ಮುಗಿಸಿದರು. ಎಂಜಿನಿಯರಿಂಗ್ ಪದವಿ ಪಡೆಯಲೇ ಇಲ್ಲ. ವೇಗಾ ಎಂಬ ವಿಮಾನ ಕಂಪನಿಯಲ್ಲಿ, ವಿಮಾನಗಳಿಗೆ ಶಸ್ತ್ರ ಜೋಡಿಸುವ ಕೆಲಸಕ್ಕೆ ಸೇರಿದರು. ಎರಡನೇ ಮಹಾಯುದ್ಧದಲ್ಲಿ ಮರೀನ್ ಪಡೆ ಸೇರಿದಾಗಲೂ ವಿಮಾನದ ಶಸ್ತ್ರಗಳ ಕೆಲಸವೇ ಸಿಕ್ಕಿತು. ಯುದ್ಧ ಮುಗಿದ ಮೇಲೆ ವಿಮಾನದ ಬಿಡಿಭಾಗ ತಯಾರಿಸುವ ಕಂಪನಿಯೊಂದರ ಯಂತ್ರಶಾಲೆಗೆ ಸೇರಿ, ಅಲ್ಲಿಯೇ ವಿನ್ಯಾಸ ಎಂಜಿನಿಯರ್ ಆದರು. ಬಿಡುವಿನಲ್ಲಿ ಸ್ವಂತವಾಗಿ ಬಂದೂಕುಗಳ ಮಾದರಿ ಮಾಡುತ್ತಿದ್ದರು. ಅವುಗಳನ್ನು ಪರೀಕ್ಷಿಸುತ್ತಿದ್ದ ಮೈದಾನದಲ್ಲೇ ಆರ್ಮಲೈಟ್ ಎಂಬ ಪುಟ್ಟ ಸಂಸ್ಥೆಯ ಮುಖ್ಯಸ್ಥರ ಪರಿಚಯವಾಯಿತು. 1954ರಲ್ಲಿ ಅವರು ಆ ಸಂಸ್ಥೆಯ ಮುಖ್ಯ ವಿನ್ಯಾಸಕಾರರಾದರು.

ಆಗಿನ ಸೇನೆಯ ರೈಫಲ್‌ಗಳ ಹಿಂಭಾಗ ಮರದ್ದು. ನಳಿಕೆಯ ಹಿಂದೆ ಅದು ಕೆಳಗೆ ಬಾಗಿರುತ್ತಿತ್ತು. ಬಾಗಿದ ಆ ಸಪೂರ ಜಾಗವನ್ನೇ ಯೋಧ ಬೆರಳಿನಿಂದ ಸುತ್ತಿ ಹಿಡಿಯಬೇಕಿತ್ತು. ಗುಂಡು ಹಾರಿದಾಗ ಒದೆತ ಬರುವುದು ನಳಿಕೆಯ ನೇರದಲ್ಲಿ, ಅದನ್ನು ತಡೆಯುವ ಭುಜ ಇರುವುದು ಅದಕ್ಕಿಂತ ಕೆಳಗೆ. ಹಾಗಾಗಿ ಬಂದೂಕಿನ ಮೂತಿ ಮೇಲಕ್ಕೆ ಜಿಗಿಯುತ್ತದೆ. ನಾವು ಮೆಕ್ಯಾನಿಕ್ಸ್ ಪತ್ರಿಕೆಯಲ್ಲಿ ಲೆಕ್ಕ ಹಾಕುವ ಟಾರ್ಕ್ ಇದೇ.

ಸ್ಟೋನರ್ ಹಿಂಭಾಗವನ್ನು ನಳಿಕೆಯ ನೇರಕ್ಕೆ ಎತ್ತಿದರು. ಒದೆತ ನೇರವಾಗಿ ಭುಜಕ್ಕೆ ಬಂತು, ಮೂತಿಯ ಜಿಗಿತ ಕಡಿಮೆಯಾಯಿತು. ಆದರೆ ಸುತ್ತಿ ಹಿಡಿಯುವ ಬಾಗು ಇಲ್ಲವಾಯಿತು. ಕೈ ಎಲ್ಲಿಗೆ ಹೋಗಬೇಕು? ಅದಕ್ಕಾಗಿ ಟ್ರಿಗರ್‌ನ ಹಿಂದೆ ಕೆಳಮುಖವಾಗಿ, ಪಿಸ್ತೂಲಿನದ್ದರಂಥ ಬೇರೆಯೇ ಹಿಡಿ ಬಂತು. ನೇರ ಹಿಂಭಾಗವಾಗಲಿ, ಪ್ರತ್ಯೇಕ ಹಿಡಿಯಾಗಲಿ ಅವರೇ ಮೊದಲು ಕಂಡುಹಿಡಿದದ್ದಲ್ಲ. ಯುದ್ಧಕಾಲದ ಜರ್ಮನ್ ಬಂದೂಕುಗಳಲ್ಲೂ ಇದ್ದವು. ಸ್ಟೋನರ್ ಅವುಗಳ ಜೊತೆಗೆ ವಿಮಾನದ ಕೆಲಸದಲ್ಲಿ ಕಲಿತ ಅಲ್ಯುಮಿನಿಯಂ ಮಿಶ್ರಲೋಹವನ್ನೂ ಪ್ಲಾಸ್ಟಿಕ್ಕನ್ನೂ ಸೇರಿಸಿದರು. ಹೀಗೆ ಹುಟ್ಟಿದ್ದು ಎಆರ್-10. ಅದನ್ನು ಚಿಕ್ಕದಾಗಿಸಿ ಎಆರ್-15 ರೂಪಿಸಿದವರು ಅವರ ಸಹೋದ್ಯೋಗಿಗಳಾದ ಜಿಮ್ ಸಲಿವನ್ ಮತ್ತು ರಾಬರ್ಟ್ ಫ್ರೆಮಾಂಟ್. 1959ರಲ್ಲಿ ಅದರ ಹಕ್ಕು ಕೋಲ್ಟ್ ಕಂಪನಿಗೆ ಹೋಯಿತು. ಅಮೆರಿಕದ ಸೇನೆಗೆ ಅದು ಎಂ16 ಆಯಿತು.

ಕಥೆ ಇಲ್ಲಿಗೇ ಮುಗಿದಿದ್ದರೆ ಅದು ಬರೀ ಯಶೋಗಾಥೆ. ವಿಯೆಟ್ನಾಂ ಯುದ್ಧಕ್ಕೆ ಹೋದ ಎಂ16 ಗುಂಡು ಹಾರಿಸುತ್ತಲೇ ಸಿಕ್ಕಿಕೊಳ್ಳತೊಡಗಿತು. ಕೆಟ್ಟ ಬಂದೂಕಿನ ಪಕ್ಕದಲ್ಲೇ ಸೈನಿಕರು ಸತ್ತರು. ಗುಂಡಿನೊಳಗಿನ ಮದ್ದಿನ ಬಗೆಯನ್ನು ಬದಲಿಸಲಾಗಿತ್ತು. ಗುಂಡು ಕೂರುವ ಕೋಣೆಗೆ ಕ್ರೋಮ್ ಲೇಪನ ಇರಲಿಲ್ಲ. ಸ್ವಚ್ಛಗೊಳಿಸುವ ಸಾಮಗ್ರಿಯೂ ಎಲ್ಲರಿಗೂ ತಲುಪಿರಲಿಲ್ಲ. 1967ರಲ್ಲಿ ಅಮೆರಿಕದ ಸಂಸತ್ತಿನ ಸಮಿತಿ ತನಿಖೆ ನಡೆಸಿತು. ಸ್ಟೋನರ್ ಅದರ ಮುಂದೆ ಸಾಕ್ಷ್ಯ ನುಡಿದರು. ಮದ್ದಿನ ಬದಲಾವಣೆಯೇ ದೊಡ್ಡ ಕಾರಣವೆಂದು ಸಮಿತಿ ಹೇಳಿತು. ಆಮೇಲೆ ಕ್ರೋಮ್ ಲೇಪನವೂ ಬಂತು, ಸ್ವಚ್ಛತೆಯ ಸಾಮಗ್ರಿಯೂ ಬಂತು. ಕೈಗೆ ಎಷ್ಟೇ ಹಿತವಾದ ಹಿಡಿಯಿದ್ದರೂ ಒಳಗಿನ ಒಂದು ಬದಲಾವಣೆಯನ್ನು ಸರಿಯಾಗಿ ಪರೀಕ್ಷಿಸದಿದ್ದರೆ ಬೆಲೆ ತೆರುವುದು ಅದನ್ನು ಹಿಡಿದವನೇ.

ಹಿಡಿಯ ಕಥೆ ಮಾತ್ರ ಮುಂದುವರಿಯಿತು. 1980ರ ದಶಕದ ಎಂ16ಎ2 ಮಾದರಿಯ ಹಿಡಿಯಲ್ಲಿ ಬೆರಳುಗಳ ನಡುವೆ ಕೂರಲೆಂದು ಒಂದು ಉಬ್ಬು ಕೊಟ್ಟರು. ಕೆಲವರ ಕೈಗೆ ಅದು ಒಪ್ಪಿತು, ಹಲವರ ಬೆರಳಿಗೆ ಒತ್ತಿತು. ಎಲ್ಲ ಕೈಗಳ ಅಳತೆ ಒಂದೇ ಆಗಿರುವುದಿಲ್ಲವಲ್ಲ! ಆದರೆ ಈ ಹಿಡಿ ಬಂದೂಕಿಗೆ ಅಂಟಿರುವುದು ಒಂದೇ ಬೋಲ್ಟಿನಿಂದ. ಅದನ್ನು ಬಿಚ್ಚಿದರೆ ಬೇರೆ ಹಿಡಿ ಕೂರಿಸಬಹುದು. ರಬ್ಬರ್ ಹೊದಿಕೆಯದ್ದು, ದಪ್ಪನೆಯದ್ದು, ಮಣಿಕಟ್ಟು ಹೆಚ್ಚು ಬಾಗದಂತೆ ನೆಟ್ಟಗೆ ನಿಲ್ಲುವಂಥದ್ದು, ಹೀಗೆ ಹತ್ತಾರು ಬಗೆ ಇಂದು ಸಿಗುತ್ತವೆ.

ಸ್ಟೋನರ್ 1997ರ ಏಪ್ರಿಲ್‌ನಲ್ಲಿ ಫ್ಲೋರಿಡಾದಲ್ಲಿ ತೀರಿಕೊಂಡರು. ಆಗ ಅವರಿಗೆ 74 ವರ್ಷ. ನಾನು ಆಗಿನ್ನೂ ಹುಟ್ಟಿರಲಿಲ್ಲ. ಅವರು ಮಾಡಿದ್ದು ಕೊಲ್ಲುವ ಸಾಧನ. ಅದನ್ನು ಮರೆತು ಬರೀ ಹೊಗಳಲು ನನಗೆ ಮನಸ್ಸಿಲ್ಲ. ಯೋಧನ ಕೈಗೆ ಹಿತವಾದದ್ದು ಎದುರಿಗಿದ್ದವನಿಗೆ ಹಿತವಲ್ಲ. ಆದರೆ ಅವರು ಕಲಿತ ಬಗೆಯನ್ನು ಡ್ರಿಲ್ಲಿಂಗ್ ಯಂತ್ರಕ್ಕೂ, ಕಳೆ ಕೀಳುವ ಸಲಕರಣೆಗೂ, ಊರುಗೋಲಿಗೂ ತರಬಹುದು.

ಗೆಳೆಯರೇ, ಬ್ಯಾಕ್‌ಲಾಗ್‌ಗಳ ಚಿಂತೆಯಲ್ಲಿ, ಸಂದರ್ಶನಗಳ ಸಾಲಿನಲ್ಲಿ ನಿಂತಿರುವ ನಮಗೆ ಪದವಿ ಬೇಡ ಎಂದು ನಾನು ಹೇಳುತ್ತಿಲ್ಲ. ನಾನೂ ಅದಕ್ಕಾಗಿಯೇ ಓದುತ್ತಿದ್ದೇನೆ. ಆದರೆ ನಾಳೆ ನಾವು ಬರೆಯುವ ಡ್ರಾಯಿಂಗ್‌ನ ಕೊನೆಯಲ್ಲಿ ಯಾರದೋ ಕೈ ಇರುತ್ತದೆ. ಕಳೆದ ವಾರ ಲ್ಯಾಬ್‌ಗೆ ಹೋಗಿ ಆ ಅರಕ್ಕೆ ಹೊಸ ಹಿಡಿ ಹಾಕಿ ಬಂದೆ. ಮುಂದಿನ ಬ್ಯಾಚಿನ ಯಾರ ಅಂಗೈಗೂ ಅದರಿಂದ ಬೊಬ್ಬೆ ಏಳದಿರಲಿ.