ಫರ್ಡಿನಂಡ್ ಕಿಟ್ಟೆಲ್ ಅಯ್ಯನವರ ಜೀವಿತ

ಕನ್ನಡ ನಿಘಂಟೆಂದೊಡನೆ ನಮ್ಮ ನಾಡಿನವರ ಬಾಯಿಗೆ ಬರುವ ಹೆಸರು ಕಿಟ್ಟೆಲ್ ಅಯ್ಯನವರದು. ಇವರು 1832ನೇ ಇಸವಿ ಏಪ್ರಿಲ್ 7ರಂದು ಜರ್ಮನಿ ದೇಶದ ವಾಯವ್ಯ ಕರಾವಳಿಯಲ್ಲಿ ಸಭಾಪಾಲಕರೊಬ್ಬರ ಮನೆಯಲ್ಲಿ ಹುಟ್ಟಿದರು. ಚಿಕ್ಕಂದಿನಲ್ಲಿಯೇ ಇಬ್ರಿಯ, ಗ್ರೀಕ್, ಲತೀನ್ ಭಾಷೆಗಳನ್ನು ಕಲಿತು, ಬಾಸೆಲ್ ಪಟ್ಟಣದ ಸೆಮಿನರಿಯಲ್ಲಿ ವ್ಯಾಸಂಗ ಮುಗಿಸಿ, 1853ರಲ್ಲಿ ಈ ದೇಶಕ್ಕೆ ಬಂದರು.

ಧಾರವಾಡ, ಮಂಗಳೂರು, ಮಡಿಕೇರಿಗಳಲ್ಲಿದ್ದಾಗ ಇವರ ಮನಸ್ಸು ಜನರ ಮಾತಿನ ಮೇಲೆಯೇ ನೆಟ್ಟಿತ್ತು. ಷಟ್ಪದಿಯಲ್ಲಿ ಕ್ರಿಸ್ತಚರಿತ್ರೆಯನ್ನು ರಚಿಸಿ 1862ರಲ್ಲಿ ಕಥಾಮಾಲೆಯೆಂಬ ಹೆಸರಿನಿಂದ ಅಚ್ಚುಹಾಕಿಸಿದರು. ಆದರೆ 1864ರಲ್ಲಿ ಪತ್ನಿ ಪೌಲಿನಮ್ಮನವರು ತೀರಿಕೊಂಡರು. ಆ ದುಃಖದ ನಂತರವೂ ಕೆಲಸ ನಿಲ್ಲಲಿಲ್ಲ. 1872ರಲ್ಲಿ ಕೇಶಿರಾಜನ ಶಬ್ದಮಣಿದರ್ಪಣವೂ 1875ರಲ್ಲಿ ನಾಗವರ್ಮನ ಛಂದೋಂಬುಧಿಯೂ ಇವರ ಕೈಯಿಂದ ಪರಿಷ್ಕೃತವಾಗಿ ಹೊರಟವು.

ನಿಘಂಟಿನ ಕಾರ್ಯವು ಬರಿದಾದ ಹೊಲದಲ್ಲಿ ಆರಂಭವಾಗಲಿಲ್ಲ. ನಮ್ಮ ಬಳ್ಳಾರಿಯ ಲಂಡನ್ ಮಿಷನ್ನಿನ ರೀವ್ ಅಯ್ಯನವರು 1832ರಲ್ಲಿಯೇ ಕನ್ನಡ ಇಂಗ್ಲಿಷ್ ನಿಘಂಟನ್ನು ಮದರಾಸಿನಲ್ಲಿ ಅಚ್ಚುಹಾಕಿಸಿದ್ದರು. ಕಿಟ್ಟೆಲರು ಹುಟ್ಟಿದ ವರ್ಷವೇ ಅದು. ಬಳ್ಳಾರಿ ಸೀಮೆಯವರು ಇದನ್ನು ಮರೆಯುವದು ನ್ಯಾಯವಲ್ಲ. ಕಿಟ್ಟೆಲರಾದರೋ ಅಲ್ಲಿಗೆ ತೃಪ್ತರಾಗದೆ, ಹಳೆಯ ಕವಿಗಳ ಓಲೆಗಳನ್ನೂ ಹಳ್ಳಿಗರ ಗಾದೆಗಳನ್ನೂ ಸೋಸಿ, ಒಂದೊಂದು ಶಬ್ದಕ್ಕೂ ಪ್ರಯೋಗವನ್ನು ತೋರಿಸಿದರು. ಅಚ್ಚಗನ್ನಡದ ಮಾತು ಯಾವದು, ಸಂಸ್ಕೃತದಿಂದ ಬಂದದ್ದು ಯಾವದು ಎಂದು ಬೇರ್ಪಡಿಸಿ, ತಮಿಳು, ತೆಲುಗು, ತುಳುಗಳಲ್ಲಿರುವ ನಂಟು ಮಾತುಗಳನ್ನು ಪಕ್ಕದಲ್ಲಿ ಇಟ್ಟರು. ನಾವು ಹಾಲೆನ್ನುವದನ್ನು ಹಳಗನ್ನಡದವರು ಪಾಲ್ ಎಂದರು. ತೆಲುಗರು ಇಂದಿಗೂ ಪಾಲು ಎನ್ನುತ್ತಾರೆ. ಎರಡೂ ಭಾಷೆ ಕೇಳಿಬರುವ ಸಿರುಗುಪ್ಪ, ಕರೂರು ಸೀಮೆಯವರಿಗೆ ಈ ನಂಟು ಹೊಸದಲ್ಲ. ಮಳೆಯೆಂಬ ಮಾತು ಹಿಂದೆ ಮೞೆಯಾಗಿತ್ತೆಂಬದೂ ಇಂಥ ಶೋಧನೆಯಿಂದ ತಿಳಿಯುವದು.

ಇಪ್ಪತ್ತು ವರ್ಷಗಳಿಗೂ ಮಿಕ್ಕು ನಡೆದ ಈ ಕೆಲಸದ ನಡುವೆ 1877ರಲ್ಲಿ ಸ್ವದೇಶಕ್ಕೆ ಹೋದರು. ಅಲ್ಲಿಯೇ ಸುಖವಾಗಿರಬಹುದಾಗಿತ್ತು, ಆದರೆ ಕನ್ನಡ ಪಂಡಿತರ ನೆರವಿಲ್ಲದೆ ಪುಸ್ತಕವು ಪೂರ್ತಿಯಾಗದೆಂದು ಕಂಡು 1883ರಲ್ಲಿ ಮರಳಿ ಬಂದರು. ಕಡೆಗೆ 1894ರಲ್ಲಿ ಸುಮಾರು 70,000 ಶಬ್ದಗಳ ಆ ಮಹಾಗ್ರಂಥವು ಮಂಗಳೂರಿನ ಬಾಸೆಲ್ ಮಿಷನ್ ಅಚ್ಚುಕೂಟದಿಂದ ಹೊರಬಂತು. ಅದಕ್ಕೆ ಎರಡು ವರ್ಷ ಮೊದಲೇ ಅವರು ನಮ್ಮ ನಾಡನ್ನು ಬಿಟ್ಟಿದ್ದರು. 1896ರಲ್ಲಿ ಟ್ಯೂಬಿಂಗೆನ್ ವಿಶ್ವವಿದ್ಯಾಲಯವು ಅವರಿಗೆ ಡಾಕ್ಟರ್ ಪದವಿಯನ್ನು ಕೊಟ್ಟು ಗೌರವಿಸಿತು.

ಅಷ್ಟರಿಂದಲೂ ಲೇಖನಿಯನ್ನು ಕೆಳಗಿಡಲಿಲ್ಲ. ಹಳಗನ್ನಡ, ನಡುಗನ್ನಡ, ಹೊಸಗನ್ನಡ ಮೂರನ್ನೂ ಒಳಗೊಂಡ ವ್ಯಾಕರಣವನ್ನು ಇಂಗ್ಲಿಷಿನಲ್ಲಿ ಬರೆದರು. ಅದು 1903ರಲ್ಲಿ ಮಂಗಳೂರಿನಲ್ಲಿ ಅಚ್ಚಾಯಿತು. ಅದೇ ವರ್ಷ ದಶಂಬರ 18ರಂದು ಟ್ಯೂಬಿಂಗೆನ್ನಿನಲ್ಲಿ ಅವರು ನಿದ್ರೆಹೋದರು.