ಮುಖ್ಯೋಪಾಧ್ಯಾಯರಾಗಿ ಸ್ವಾಮಿ ರಾಮಾನಂದ ತೀರ್ಥರು

ದೊಡ್ಡವರ ಚರಿತ್ರೆಯನ್ನು ಓದುವಾಗ ಅವರು ಏರಿದ ಎತ್ತರವಷ್ಟೇ ನಮ್ಮ ಕಣ್ಣಿಗೆ ಬೀಳುತ್ತದೆ. ಅಲ್ಲಿಗೆ ಅವರನ್ನು ಕರೆದೊಯ್ದ ಕಾಲುದಾರಿ ಕಾಣುವುದಿಲ್ಲ. ಪ್ರತಿ ವರ್ಷ ಸೆಪ್ಟೆಂಬರ್ 17ರಂದು ಕಲಬುರಗಿಯಲ್ಲಿ ಧ್ವಜ ಏರಿದಾಗ ಸ್ವಾಮಿ ರಾಮಾನಂದ ತೀರ್ಥರ ಹೆಸರನ್ನು ಕೇಳುತ್ತೇವೆ. ನಿಜಾಮನ ಆಳ್ವಿಕೆಯನ್ನು ಎದುರಿಸಿ ಹೈದರಾಬಾದು ಸಂಸ್ಥಾನದ ಜನರನ್ನು ಮುನ್ನಡೆಸಿದ ಸಂನ್ಯಾಸಿ ಅವರು ಎಂಬುದನ್ನು ಬಲ್ಲೆವು. ಆದರೆ ಈ ಮುಂದಾಳು ಮೊದಲು ಮುಖ್ಯೋಪಾಧ್ಯಾಯರಾಗಿದ್ದರು, ಹಳ್ಳಿಯ ಹುಡುಗರಿಗೆ ವರುಷಗಟ್ಟಲೆ ಪಾಠ ಹೇಳಿದರು ಎಂಬುದನ್ನು ಬಲ್ಲವರು ಕಡಿಮೆ. ವಿದ್ಯಾರ್ಥಿಗಳಾದ ನಮಗೆ ಅವರ ಬಾಳಿನ ಆ ಭಾಗವೇ ಹೆಚ್ಚು ಹತ್ತಿರದ್ದು.

ಅವರ ಪೂರ್ವಾಶ್ರಮದ ಹೆಸರು ವೆಂಕಟೇಶ ಭವಾನರಾವ್ ಖೇಡಗೀಕರ. 1903ನೇ ಅಕ್ಟೋಬರ್ 3ರಂದು ವಿಜಾಪುರ ಜಿಲ್ಲೆಯ ಸಿಂದಗಿಯಲ್ಲಿ ಜನಿಸಿದರು. ಬಾಲ್ಯದ ಕೆಲವು ವರ್ಷಗಳನ್ನು ದತ್ತಕ್ಷೇತ್ರವಾದ ನಮ್ಮ ಗಾಣಗಾಪುರದಲ್ಲಿ ಕಳೆದು, ಮುಂದಿನ ಓದಿಗೆ ಸೊಲ್ಲಾಪುರಕ್ಕೆ ಹೋದರು. 1920ನೇ ಆಗಸ್ಟ್ 1ರಂದು ಲೋಕಮಾನ್ಯ ತಿಲಕರು ತೀರಿಕೊಂಡರು. ಆಗ ಹದಿನೇಳು ತುಂಬದ ಈ ಹುಡುಗ ಮದುವೆಯಾಗದೆ ದೇಶದ ಕೆಲಸಕ್ಕೆ ಬಾಳನ್ನು ಮುಡಿಪಾಗಿಡುವ ಸಂಕಲ್ಪ ಮಾಡಿದ. ಆ ವಯಸ್ಸಿನ ಸಂಕಲ್ಪಗಳು ಸಾಮಾನ್ಯವಾಗಿ ಒಂದು ಮಳೆಗಾಲವೂ ಬಾಳುವುದಿಲ್ಲ; ಈ ಹುಡುಗನದು ಐವತ್ತೊಂದು ವರ್ಷ, ಉಸಿರಿರುವ ತನಕ ಬಾಳಿತು. ಅಸಹಕಾರದ ಕರೆ ಬಂದಾಗ ಸರ್ಕಾರಿ ಶಾಲೆಯನ್ನು ಬಿಟ್ಟು, ರಾಷ್ಟ್ರೀಯ ಶಿಕ್ಷಣದ ಹಾದಿಯಲ್ಲಿ ಓದು ಮುಂದುವರಿಸಿ, ಪುಣೆಯ ತಿಲಕ ವಿದ್ಯಾಪೀಠದಿಂದ ಪದವಿ ಪಡೆದರು. ಅನಂತರ ಕಾರ್ಮಿಕ ಮುಖಂಡರಾದ ಎನ್. ಎಂ. ಜೋಶಿಯವರ ಬಳಿ ಕಾರ್ಯದರ್ಶಿಯಾಗಿ ಕೆಲಸ ಮಾಡಿದರು. ದೊಡ್ಡ ನಗರಗಳಲ್ಲಿ ಹೆಸರು ಗಳಿಸುವ ಬಾಗಿಲು ಅವರಿಗೆ ತೆರೆದಿತ್ತು. ಆದರೆ ದೇಹಾರೋಗ್ಯ ಕೆಟ್ಟು ಆ ಕೆಲಸ ಬಿಡಬೇಕಾಯಿತು. ಚೇತರಿಸಿಕೊಂಡ ಮೇಲೆ ಅವರು ಆರಿಸಿಕೊಂಡದ್ದು ಉಸ್ಮಾನಾಬಾದು ಜಿಲ್ಲೆಯ ಹಿಪ್ಪರಗಿ ಎಂಬ ಹಳ್ಳಿಯ ಶಾಲೆಯನ್ನು.

ಆ ಶಾಲೆಯ ಮಹತ್ವ ತಿಳಿಯಬೇಕಾದರೆ ಆಗಿನ ಸಂಸ್ಥಾನದ ಸ್ಥಿತಿಯನ್ನು ನೆನೆಯಬೇಕು. ಕನ್ನಡ, ಮರಾಠಿ, ತೆಲುಗು ಆಡುವ ಪ್ರಜೆಗಳೇ ಅಲ್ಲಿ ಬಹುಸಂಖ್ಯಾತರು. ಆದರೂ ಮೇಲಿನ ತರಗತಿಗಳ ವಿದ್ಯೆ ಉರ್ದುವಿನಲ್ಲಿ. 1918ರಲ್ಲಿ ಆರಂಭವಾದ ಉಸ್ಮಾನಿಯಾ ವಿಶ್ವವಿದ್ಯಾಲಯದ ಪಾಠವೂ ಉರ್ದುವಿನಲ್ಲಿಯೇ. ಉರ್ದು ದೊಡ್ಡ ಭಾಷೆ. ನಮ್ಮ ಕಲಬುರಗಿಯ ಓಣಿಗಳಲ್ಲಿ ಅದು ಇಂದಿಗೂ ಮನೆಮಾತು. ಆದರೆ ಮನೆಯಲ್ಲಿ ಒಂದು ಮಾತು, ಶಾಲೆಯಲ್ಲಿ ಇನ್ನೊಂದು ಮಾತು ಎಂದಾಗ ಒಕ್ಕಲಿಗನ ಮಗ ಅರ್ಧದಾರಿಯಲ್ಲೇ ಹಿಂದಿರುಗುತ್ತಿದ್ದ. ಈ ಕೊರತೆಯನ್ನು ತುಂಬಲು ಜನರೇ ಅಲ್ಲಲ್ಲಿ ಶಾಲೆಗಳನ್ನು ಕಟ್ಟಿದರು. ಕಲಬುರಗಿಯಲ್ಲಿ 1907ರಲ್ಲಿ ಹುಟ್ಟಿದ ನೂತನ ವಿದ್ಯಾಲಯ ಅಂಥದೊಂದು ಪ್ರಯತ್ನ. ಆದರೆ 1924ರ ಸುಮಾರಿಗೆ ಖಾಸಗಿ ಶಾಲೆ ನಡೆಸಲು ಸರ್ಕಾರದ ಅಪ್ಪಣೆ ಬೇಕೆಂಬ ನಿಯಮ ಬಂದಿತು. ಅನೇಕ ಸಣ್ಣ ಶಾಲೆಗಳು ಬಾಗಿಲು ಮುಚ್ಚಿದವು. ಗರಡಿಮನೆಗೂ ಅಪ್ಪಣೆ, ಸಭೆಗೂ ಅಪ್ಪಣೆ ಎಂಬಂತಿದ್ದ ಕಾಲವದು.

ಇಂಥ ಕಾಲದಲ್ಲಿ ಹಿಪ್ಪರಗಿಯ ರಾಷ್ಟ್ರೀಯ ಶಾಲೆ ನಿಂತಿತ್ತು. 1921ರಲ್ಲಿ ವ್ಯಂಕಟರಾವ್ ದೇಶಮುಖ ಮತ್ತು ಅನಂತರಾವ್ ಕುಲಕರ್ಣಿ ಎಂಬ ಮಹನೀಯರು ಅದನ್ನು ಸ್ಥಾಪಿಸಿದ್ದರು. 1920ರ ದಶಕದ ಕೊನೆಯಲ್ಲಿ ಖೇಡಗೀಕರರು ಅಲ್ಲಿ ಮುಖ್ಯೋಪಾಧ್ಯಾಯರಾಗಿ ನಿಂತರು. ಹುಡುಗರಿಗೆ ಓದಿನ ಜೊತೆಗೆ ವ್ಯಾಯಾಮವಿತ್ತು, ಚರಕವಿತ್ತು, ದೇಶದ ವಿಚಾರವಿತ್ತು. ಗುರುಗಳು ಹುಡುಗರಂತೆಯೇ ಸರಳವಾಗಿ ಬದುಕುತ್ತಿದ್ದರು. ಪುಸ್ತಕದ ಪಾಠ ತರಗತಿಯಲ್ಲಿ ಮುಗಿದರೆ ಬಾಳಿನ ಪಾಠ ಗುರುವಿನ ನಡೆಯಲ್ಲಿ ಮುಂದುವರಿಯುತ್ತಿತ್ತು. ಅಲ್ಲಿದ್ದಾಗಲೇ, 1932ನೇ ಜನವರಿ 14ರ ಸಂಕ್ರಾಂತಿಯಂದು, ಅವರು ಸ್ವಾಮಿ ರಾಮತೀರ್ಥರ ಪರಂಪರೆಯಲ್ಲಿ ಸಂನ್ಯಾಸ ಸ್ವೀಕರಿಸಿ ರಾಮಾನಂದ ತೀರ್ಥರಾದರು. ಸಂನ್ಯಾಸಿಗಳು ಊರು ಬಿಟ್ಟು ಕಾಡಿಗೆ ಹೋಗುವುದನ್ನು ಕೇಳಿದ್ದೇವೆ. ಇವರು ಕಾವಿಯುಟ್ಟು ಮರಳಿ ಶಾಲೆಗೇ ಬಂದರು.

ಇಲ್ಲೊಂದು ಮಾತನ್ನು ವಿಚಾರಿಸಬೇಕು. ಸರ್ಕಾರದ ಮನ್ನಣೆಯಿಲ್ಲದ ರಾಷ್ಟ್ರೀಯ ಶಾಲೆಗಳ ಓದಿಗೆ ಕಚೇರಿಗಳಲ್ಲಿ ಬೆಲೆಯಿರಲಿಲ್ಲ. ಅಂಥ ಶಾಲೆಗೆ ಮಗನನ್ನು ಕಳಿಸುವ ತಂದೆ ನೌಕರಿಯ ಆಸೆಗೆ ಎಳ್ಳುನೀರು ಬಿಡಬೇಕಾಗಿತ್ತು. ಕಮಲಾಪುರದ ಕಡೆಯಿಂದ ಬೆಳಗಿನ ಬಸ್ಸು ಹಿಡಿದು ಕಲಬುರಗಿಯ ಕಾಲೇಜುಗಳಿಗೆ ಬರುವ ನಮ್ಮಲ್ಲಿ ಅನೇಕರು ಮನೆತನದಲ್ಲಿಯೇ ಮೊದಲ ಬಾರಿಗೆ ಕಾಲೇಜಿನ ಮೆಟ್ಟಿಲು ತುಳಿದವರು. ನಮ್ಮ ತಾಯಿತಂದೆಗಳು ತೊಗರಿ ಮಾರಿ, ಬಾಳೆಯ ತೋಟದಲ್ಲಿ ಕೂಲಿ ಮಾಡಿ ನಮ್ಮನ್ನು ಓದಿಸುವುದು ಪದವಿಯ ಕಾಗದಕ್ಕಾಗಿ. ಆ ಕಾಗದದಿಂದ ಬರುವ ಅನ್ನಕ್ಕಾಗಿ. ಇದರಲ್ಲಿ ನಾಚಿಕೆಪಡುವಂಥದೇನೂ ಇಲ್ಲ. ಆದ್ದರಿಂದಲೇ ಆ ಕಾಗದದ ಆಸೆಯನ್ನು ಬಿಟ್ಟು ಮಕ್ಕಳನ್ನು ಕಳಿಸಿದ ಆ ತಂದೆಗಳ ಧೈರ್ಯ ಎಷ್ಟು ದೊಡ್ಡದೆಂದು ನಮಗೆ ಅರಿವಾಗುತ್ತದೆ. ಅವರ ನಂಬಿಕೆಯನ್ನು ಹೊತ್ತವರು ಮುಖ್ಯೋಪಾಧ್ಯಾಯರು. ಹುಡುಗನನ್ನು ಹೊಟ್ಟೆಪಾಡಿಗೂ ಅಣಿಮಾಡಬೇಕು, ಊರಿಗೂ ಬೇಕಾದವನನ್ನಾಗಿ ಮಾಡಬೇಕು.

1935ರಲ್ಲಿ ಸ್ವಾಮೀಜಿ ಹಿಪ್ಪರಗಿಯಿಂದ ಅಂಬಾಜೋಗಾಯಿಗೆ ಬಂದರು. ಆಗ ಆ ಊರಿಗೆ ಮೋಮಿನಾಬಾದು ಎಂದು ಹೆಸರು. ಬಾಬಾಸಾಹೇಬ ಪರಾಂಜಪೆಯವರಂಥ ಸಹೋದ್ಯೋಗಿಗಳೊಡನೆ ಅಲ್ಲಿ ಯೋಗೇಶ್ವರಿ ನೂತನ ವಿದ್ಯಾಲಯವನ್ನು ಕಟ್ಟಿದರು. ಪಾಠದ ಜೊತೆಗೆ ಸುತ್ತಲಿನ ಜನರ ಕಷ್ಟಸುಖಗಳ ಪರಿಚಯವೂ ಬೆಳೆಯಿತು. ಉಪಾಧ್ಯಾಯನಾದವನಿಗೆ ಮನೆಮನೆಯ ಬಾಗಿಲು ತೆರೆದಿರುತ್ತದೆ; ರೈತನ ಸಾಲ, ಅಧಿಕಾರಿಯ ದರ್ಪ, ಹುಡುಗನ ಹಸಿವು ಅವನ ಕಣ್ಣಿಗೆ ಮೊದಲು ಬೀಳುತ್ತವೆ. ಸ್ವಾಮೀಜಿಯ ರಾಜಕಾರಣ ಭಾಷಣದ ವೇದಿಕೆಯ ಮೇಲೆ ಹುಟ್ಟಲಿಲ್ಲ, ಹಾಜರಿ ಪುಸ್ತಕದ ಮುಂದೆ ಹುಟ್ಟಿತು ಎಂದರೆ ತಪ್ಪಾಗಲಾರದು.

1938ರಲ್ಲಿ ಅವರು ಶಾಲೆಯ ಭಾರವನ್ನು ಜೊತೆಗಾರರಿಗೆ ಒಪ್ಪಿಸಿ ಹೈದರಾಬಾದಿಗೆ ನಡೆದರು. ಸ್ಟೇಟ್ ಕಾಂಗ್ರೆಸ್ಸನ್ನು ಅದು ರೂಪುಗೊಳ್ಳುವ ಮೊದಲೇ ಸರ್ಕಾರ ನಿಷೇಧಿಸಿತ್ತು. ಅಕ್ಟೋಬರಿನಲ್ಲಿ ಸತ್ಯಾಗ್ರಹ ಆರಂಭವಾಗಿ ಸ್ವಾಮೀಜಿ ಸೆರೆಮನೆ ಸೇರಿದರು. ಅದೇ ವರ್ಷದ ಕೊನೆಯಲ್ಲಿ ವಂದೇ ಮಾತರಂ ಹಾಡಿದ್ದಕ್ಕಾಗಿ ಉಸ್ಮಾನಿಯಾದ ವಿದ್ಯಾರ್ಥಿಗಳು ಹೊರದೂಡಲ್ಪಟ್ಟರು. ಕಲಬುರಗಿಯ ಇಂಟರ್‌ಮೀಡಿಯೇಟ್ ಕಾಲೇಜಿಗೂ ಆ ಚಳವಳಿ ಹಬ್ಬಿತು. ಹೊರಬಿದ್ದವರಲ್ಲಿ ಹಲವರಿಗೆ ನಾಗಪುರ ವಿಶ್ವವಿದ್ಯಾಲಯ ಆಶ್ರಯ ಕೊಟ್ಟಿತು. ಅವರಲ್ಲೊಬ್ಬರು ಪಿ. ವಿ. ನರಸಿಂಹರಾಯರು, ಮುಂದೆ ಸ್ವಾಮೀಜಿಯ ಅನುಯಾಯಿಯಾಗಿ, ಕೊನೆಗೆ 1991ರಲ್ಲಿ ದೇಶದ ಪ್ರಧಾನಿಯಾದವರು.

ಎಳೆಯರನ್ನು ಹೋರಾಟಕ್ಕೆ ಸೆಳೆಯುವುದು ಸರಿಯೇ ಎಂದು ನಮ್ಮ ಅಧ್ಯಾಪಕರು ಕೇಳಬಹುದು. ನ್ಯಾಯವಾದ ಪ್ರಶ್ನೆಯೇ. ಸ್ವಾಮೀಜಿ ಸೆರೆಮನೆಯ ಹಾದಿಯನ್ನು ಹಿಡಿದಾಗ ಶಾಲೆಯ ಪೀಠವನ್ನು ಬಿಟ್ಟು ಹೊರಟರು; ಶಾಲೆ ತನ್ನ ಕೆಲಸ ಮಾಡುತ್ತಲೇ ಉಳಿಯಿತು. ಎರಡೂ ದೊಡ್ಡ ಕೆಲಸಗಳು, ಒಂದನ್ನು ಇನ್ನೊಂದಕ್ಕೆ ಬಲಿಕೊಡಬಾರದು ಎಂಬ ವಿವೇಕ ಇದರಲ್ಲಿದೆಯೆಂದು ನನಗೆ ತೋರುತ್ತದೆ.

ಮುಂದಿನ ಕಥೆ ಎಲ್ಲರೂ ಬಲ್ಲದ್ದು. 1946ರಲ್ಲಿ ನಿಷೇಧ ತೆರವಾಯಿತು. 1947ನೇ ಆಗಸ್ಟ್ 7ರಂದು ಸಂಸ್ಥಾನ ಭಾರತದಲ್ಲಿ ಸೇರಬೇಕೆಂಬ ಚಳವಳಿಯನ್ನು ಸ್ವಾಮೀಜಿ ಆರಂಭಿಸಿದರು. ಭಾರತ ಸ್ವತಂತ್ರವಾದ ದಿನವೇ ಅವರ ಬಂಧನವಾಯಿತು. ರಜಾಕಾರರ ಹಾವಳಿಯಲ್ಲಿ ಹಳ್ಳಿಗಳು ಬೆಂದವು. 1948ರ ಸೆಪ್ಟೆಂಬರಿನಲ್ಲಿ ಭಾರತದ ಸೇನೆ ಬಂದಾಗ ಸೆರೆಮನೆಯ ಬಾಗಿಲೂ ತೆರೆಯಿತು. 1952ರ ಮೊದಲ ಮಹಾಚುನಾವಣೆಯಲ್ಲಿ ಗುಲ್ಬರ್ಗಾ ಕ್ಷೇತ್ರದ ಜನ ಅವರನ್ನು ಲೋಕಸಭೆಗೆ ಕಳಿಸಿದರು. ಭಾಷಾವಾರು ಪ್ರಾಂತಗಳನ್ನು ಅವರು ಬೆಂಬಲಿಸಿದರು. 1956ನೇ ನವೆಂಬರ್ 1ರಂದು ಕಲಬುರಗಿ, ಬೀದರ, ರಾಯಚೂರುಗಳು ಕನ್ನಡ ನಾಡಿನ ಜೊತೆ ಸೇರಿದವು. 1972ನೇ ಜನವರಿ 22ರಂದು ಹೈದರಾಬಾದಿನಲ್ಲಿ ಸ್ವಾಮೀಜಿ ದೇಹಬಿಟ್ಟರು. ನಾಂದೇಡದ ವಿಶ್ವವಿದ್ಯಾಲಯ ಇಂದು ಅವರ ಹೆಸರನ್ನು ಹೊತ್ತಿದೆ.

ಮಿತ್ರರೇ, ನಾವೂ ರಾಷ್ಟ್ರೀಯ ಸೇವಾ ಯೋಜನೆಯ ಶಿಬಿರಕ್ಕೆಂದು ಏಳು ದಿನ ಹಳ್ಳಿಗೆ ಹೋಗುತ್ತೇವೆ. ರಸ್ತೆ ಗುಡಿಸುತ್ತೇವೆ, ಗಿಡ ನೆಡುತ್ತೇವೆ, ಎಂಟನೆಯ ದಿನ ಬಸ್ಸು ಹತ್ತುತ್ತೇವೆ. ನೆಟ್ಟ ಗಿಡಕ್ಕೆ ಒಂಬತ್ತನೆಯ ದಿನ ನೀರು ಹಾಕುವವರು ಯಾರು? ಸ್ವಾಮೀಜಿಯ ಶಾಲೆಗಳು ಈ ಪ್ರಶ್ನೆಗೆ ಉತ್ತರವಾಗಿದ್ದವು. ಅವರು ಹಳ್ಳಿಗೆ ಹೋಗಿ ಬರಲಿಲ್ಲ, ಹಳ್ಳಿಯಲ್ಲಿ ನಿಂತರು. ಅವರಂತೆ ಸಂನ್ಯಾಸಿಗಳಾಗುವುದು ಎಲ್ಲರಿಂದಲೂ ಆಗದು. ಆದರೆ ಕಮಲಾಪುರದ ಹುಡುಗ ಪದವಿ ಪಡೆದು ವಾರಕ್ಕೊಂದು ಸಂಜೆ ತನ್ನ ಓಣಿಯ ಹತ್ತನೆಯ ತರಗತಿಯ ಮಕ್ಕಳಿಗೆ ಲೆಕ್ಕ ಹೇಳಿಕೊಟ್ಟರೆ, ಮನೆಯವರ ಆಸೆಯೂ ನೆರವೇರೀತು, ಆ ಮಹಾನುಭಾವರ ಋಣವೂ ಒಂದಿಷ್ಟು ತೀರೀತು.