ತುತ್ತೂರಿ ಮೇಷ್ಟ್ರು: ಜಿ. ಪಿ. ರಾಜರತ್ನಂ

ನಮ್ಮ ಪ್ರೌಢಶಾಲೆಗೆ ಎಂಟನೇ ತರಗತಿಗೆ ಸೇರಲು ಬರುವ ಮಕ್ಕಳು ಸುತ್ತಲಿನ ಬೇರೆ ಬೇರೆ ಹಳ್ಳಿಗಳವರು. ಮೊದಲ ದಿನ ಒಬ್ಬರಿಗೊಬ್ಬರು ಅಪರಿಚಿತರು. ಆದರೆ ಅವರೆಲ್ಲರಿಗೂ ಬರುವ ಹಾಡೊಂದಿರುತ್ತದೆ. ನಾಯಿಮರಿಯ ಹಾಡನ್ನೋ ತುತ್ತೂರಿಯ ಹಾಡನ್ನೋ ಒಬ್ಬರು ಎತ್ತಿಕೊಂಡರೆ ಸಾಕು, ಇಡೀ ಕೊಠಡಿ ದನಿಗೂಡಿಸುತ್ತದೆ. ಐವತ್ತು ವರ್ಷಗಳಲ್ಲಿ ಈ ಶಾಲೆಯಲ್ಲಿ ಓದಿದ ತಂದೆ-ಮಕ್ಕಳಿಬ್ಬರಿಗೂ ಗೊತ್ತಿರುವ ಆ ಹಾಡುಗಳನ್ನು ಕೊಟ್ಟವರು ಜಿ. ಪಿ. ರಾಜರತ್ನಂ. ಸುವರ್ಣ ಮಹೋತ್ಸವದ ಈ ಸಂದರ್ಭದಲ್ಲಿ ಅವರನ್ನು ನೆನೆಯುವುದು ನಮ್ಮ ಕರ್ತವ್ಯ.

ರಾಜರತ್ನಂ ಹುಟ್ಟಿದ್ದು ರಾಮನಗರದಲ್ಲಿ. 2007ರಲ್ಲಿ ಪ್ರತ್ಯೇಕ ಜಿಲ್ಲೆಯಾಗುವವರೆಗೆ ಅದು ನಮ್ಮ ಬೆಂಗಳೂರು ಗ್ರಾಮಾಂತರ ಜಿಲ್ಲೆಗೇ ಸೇರಿತ್ತು. ಹಾಗಾಗಿ ಅವರು ನಮ್ಮವರು ಎಂದು ಹೇಳಿಕೊಳ್ಳಲು ನಮಗೆ ಹಕ್ಕಿದೆ. ಮನೆತನ ಗುಂಡ್ಲು ಪಂಡಿತರದು, ಜಿ. ಪಿ. ಎಂದರೆ ಅದೇ. ಚಿಕ್ಕಂದಿನಲ್ಲೇ ತಾಯಿಯನ್ನು ಕಳೆದುಕೊಂಡು ಅಜ್ಜಿಯ ಆಸರೆಯಲ್ಲಿ ಬೆಳೆದರು. ತಂದೆಯವರು ಉಪಾಧ್ಯಾಯರು. ರಾಜಯ್ಯಂಗಾರ್ ಎಂದಿದ್ದ ಹೆಸರನ್ನು ವಿದ್ಯಾರ್ಥಿ ದೆಸೆಯಲ್ಲೇ ರಾಜರತ್ನಂ ಎಂದು ಬದಲಿಸಿಕೊಂಡರು.

1931ರಲ್ಲಿ ಕನ್ನಡ ಎಂ.ಎ. ಮುಗಿಸಿದರು. ಇಷ್ಟು ಓದಿದವರು ಹಿಡಿದ ಮೊದಲ ಕೆಲಸ ಪುಟಾಣಿ ಮಕ್ಕಳಿಗೆ ಪಾಠ ಹೇಳುವುದು. ಅಲ್ಲಿ ಅವರಿಗೊಂದು ತೊಡಕು ಎದುರಾಯಿತು. ಪಠ್ಯದಲ್ಲಿದ್ದ ಪದ್ಯಗಳು ಮಕ್ಕಳ ನಾಲಿಗೆಗೂ ಹೊರಳುತ್ತಿರಲಿಲ್ಲ, ಮನಸ್ಸಿಗೂ ಹಿಡಿಸುತ್ತಿರಲಿಲ್ಲ. ಮಕ್ಕಳು ದಡ್ಡರೆಂದು ಗದರಿ ಬಾಯಿಪಾಠ ಮಾಡಿಸಬಹುದಿತ್ತು. ಅವರು ಹಾಗೆ ಮಾಡಲಿಲ್ಲ. ತಪ್ಪು ಪದ್ಯದ್ದೇ ಹೊರತು ಮಗುವಿನದಲ್ಲ ಎಂದು ಕಂಡುಕೊಂಡು ತಾವೇ ಬರೆಯಲು ಕೂತರು. ಹೀಗೆ ಹುಟ್ಟಿದ ಪದ್ಯಗಳೇ ಮುಂದೆ ‘ತುತ್ತೂರಿ’ ಎಂಬ ಪುಸ್ತಕವಾದವು.

ಈ ಹಾಡುಗಳನ್ನು ತರಗತಿಯಲ್ಲಿ ಹೇಳಿಕೊಟ್ಟವರಿಗೆ ಅವುಗಳ ಗುಟ್ಟು ಗೊತ್ತು. ಸಾಲು ಚಿಕ್ಕದು, ಒಂದೇ ಉಸಿರಿಗೆ ಮುಗಿಯುತ್ತದೆ. ಮೇಷ್ಟ್ರು ಒಮ್ಮೆ ಹೇಳಿದರೆ ಮಕ್ಕಳು ಹಾಗೆಯೇ ತಿರುಗಿ ಹೇಳಬಲ್ಲರು. ಪ್ರಾಸ ಮುಂದಿನ ಮಾತನ್ನು ತಾನೇ ಕೈಹಿಡಿದು ಕರೆತರುತ್ತದೆ. ನಾಯಿಮರಿಯ ಪದ್ಯ ಪೂರ್ತಿ ಮಾತುಕತೆ. ಅರ್ಧ ತರಗತಿ ಮಗುವಾಗಿ ಕೇಳಿದರೆ ಇನ್ನರ್ಧ ನಾಯಿಮರಿಯಾಗಿ ಉತ್ತರಿಸುತ್ತದೆ. ಎಣಿಕೆಯ ಪದ್ಯದಲ್ಲಿ ಬಾಳೆಲೆ ಹಾಸುವುದರಿಂದ ಎಲೆ ಎತ್ತುವಷ್ಟರಲ್ಲಿ ಊಟವೂ ಆಗುತ್ತದೆ, ಒಂದರಿಂದ ಹತ್ತೂ ಬರುತ್ತದೆ. ಜಂಬದ ಹುಡುಗನ ತುತ್ತೂರಿ ನೀರಿಗೆ ಬಿದ್ದು ಬಣ್ಣ ಕಳೆದುಕೊಂಡಾಗ ಮಕ್ಕಳು ನಗುತ್ತಾರೆ. ನೀತಿಪಾಠವನ್ನು ಬೇರೆಯಾಗಿ ಹೇಳಬೇಕಾಗಿಲ್ಲ. ಎಲ್ಲಕ್ಕಿಂತ ದೊಡ್ಡ ಮಾತೆಂದರೆ, ಒಬ್ಬನೇ ನಿಂತು ಬಾಯಿಬಿಡಲು ಹೆದರುವ ಮಗು ಗುಂಪಿನ ದನಿಯಲ್ಲಿ ತನ್ನ ದನಿ ಸೇರಿಸಿ ಧೈರ್ಯ ಕಲಿಯುತ್ತದೆ.

ಎಂ.ಎ. ಮಾಡಿದರೂ ಅವರಿಗೆ ನೆಲೆಯಾದ ಕೆಲಸ ಸಿಗಲು ವರ್ಷಗಳೇ ಹಿಡಿದವು. 1938ರಲ್ಲಿ ಮೈಸೂರಿನಲ್ಲಿ ಕನ್ನಡ ಪಂಡಿತರಾದರು. ಬೆಂಗಳೂರು, ಶಿವಮೊಗ್ಗ, ತುಮಕೂರುಗಳಲ್ಲಿ ಪಾಠ ಹೇಳಿ 1964ರಲ್ಲಿ ನಿವೃತ್ತರಾದರು. ಕಷ್ಟದ ಆ ದಿನಗಳಲ್ಲಿಯೂ ಬರವಣಿಗೆ ಬಿಡಲಿಲ್ಲ. ಮಕ್ಕಳ ನುಡಿಗೆ ಕಿವಿಗೊಟ್ಟ ಹಾಗೆಯೇ ಹೆಂಡಕುಡುಕ ರತ್ನನ ನುಡಿಗೂ ಕಿವಿಗೊಟ್ಟು ‘ರತ್ನನ ಪದಗಳು’ ಬರೆದರು. ಪಾಲಿ ಭಾಷೆ ಕಲಿತು ಬೌದ್ಧ ಗ್ರಂಥಗಳನ್ನು ಕನ್ನಡಕ್ಕೆ ತಂದರು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಕರ್ನಾಟಕ ಸಂಘದಲ್ಲಿ ಎಳೆಯ ಬರಹಗಾರರ ಬೆನ್ನಿಗೆ ನಿಂತು ಅವರ ಕವಿತೆ-ಕಥೆಗಳು ಅಚ್ಚಾಗುವಂತೆ ನೋಡಿಕೊಂಡರು. ಶಿಶುಶಾಲೆಯ ಮಗುವಿಗೆ ದನಿ ಕೊಟ್ಟವರು ಕಾಲೇಜಿನ ಹುಡುಗರಿಗೂ ದನಿ ಕೊಟ್ಟರು.

1978ರಲ್ಲಿ ದೆಹಲಿಯಲ್ಲಿ ನಡೆದ ಐವತ್ತನೆಯ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರು. ಮರುವರ್ಷ, 1979ರ ಮಾರ್ಚ್‌ನಲ್ಲಿ ತೀರಿಕೊಂಡರು.

ಇಂದು ಮೊಬೈಲಿನಲ್ಲಿ ಹಾಡು ಹಾಕಿ ಮಕ್ಕಳನ್ನು ಅದರ ಮುಂದೆ ಕೂರಿಸುವುದು ಸುಲಭ. ಆಗ ಮಗು ಕೇಳುತ್ತದೆ, ಹಾಡುವುದಿಲ್ಲ. ನಮ್ಮಲ್ಲಿಗೆ ಬರುವ ಮಕ್ಕಳಲ್ಲಿ ಪಾಠವನ್ನು ಗಟ್ಟಿಯಾಗಿ ಓದಲು ಸಂಕೋಚಪಡುವವರನ್ನು ಕಂಡಾಗಲೆಲ್ಲ ಇವರು ಚಿಕ್ಕಂದಿನಲ್ಲಿ ಇನ್ನಷ್ಟು ಹಾಡಬೇಕಿತ್ತು ಎನಿಸುತ್ತದೆ. ಅದಕ್ಕೆ ಹಾರ್ಮೋನಿಯಂ ಬೇಡ, ಒಳ್ಳೆಯ ಕಂಠವೂ ಬೇಡ. ಚಪ್ಪಾಳೆಯ ತಾಳ, ತಾನೂ ಮಗುವಾಗಲು ನಾಚದ ಒಬ್ಬ ಹಿರಿಯರು ಇದ್ದರೆ ಸಾಕು.

ಮಹೋತ್ಸವಕ್ಕೆ ಊರಿಗೆ ಬರುವ ಹಳೆಯ ವಿದ್ಯಾರ್ಥಿಗಳಲ್ಲಿ ಒಂದು ವಿನಂತಿ. ತಾವು ಮೊದಲು ಓದಿದ ಪ್ರಾಥಮಿಕ ಶಾಲೆಗೂ, ಪಕ್ಕದ ಅಂಗನವಾಡಿಗೂ ಒಮ್ಮೆ ಹೋಗಿಬನ್ನಿ. ಮಕ್ಕಳ ನಡುವೆ ಕೂತು ನಿಮಗೆ ನೆನಪಿರುವ ಹಾಡನ್ನು ಎತ್ತಿಕೊಡಿ. ಉಳಿದದ್ದನ್ನು ಅವರೇ ಹಾಡುತ್ತಾರೆ. ರಾಜರತ್ನಂ ಮೇಷ್ಟ್ರ ಋಣ ತೀರಿಸಲು ನಮಗಿರುವ ದಾರಿ ಅದೇ.